ನಿನ್ನ ಮಿಷಿನ್ನಲ್ಲಿ ಓಡಿದರೆ ಏನು ಬಂತು ಮಾರಾಯ?

“ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತೆ ಮೇಷ್ಟ್ರೇ.”

“ಹಂಗಾದ್ರೆ ಅದನ್ನ ಇಲ್ಲೇ ಬಿಟ್ಟು ಹೋಗಪ್ಪ.”

ಬೆಂಗಳೂರಿನ ಒಂದು ಬಡಾವಣೆಯ ಪುಟ್ಟ ಕನ್ನಡ ವಾಚನಾಲಯದಲ್ಲಿ ನಡೆದ ಮಾತುಕತೆ ಇದು. ಮೇಷ್ಟ್ರು ನಿವೃತ್ತರು. ವಾಚನಾಲಯದ ಬೀಗದ ಕೈ, ಲೆಡ್ಜರ್, ಸದಸ್ಯರ ಬಾಕಿ ಎಲ್ಲಾ ಅವರದೇ ಉಸ್ತುವಾರಿ. ನಾನು ಹಗಲು ಹೊತ್ತು ಕಂಪನಿಯೊಂದರಲ್ಲಿ ಕೋಡ್ ಬರೆಯುವವನು. ಒಂದು ನವೆಂಬರ್‌ನಲ್ಲಿ ರಾಜ್ಯೋತ್ಸವದ ಹುಮ್ಮಸ್ಸು ತಲೆಗೇರಿ, “ನಿಮ್ಮ ಪುಸ್ತಕ ಕೊಡೋದು, ತಗೊಳ್ಳೋದು ಎಲ್ಲಾ ಕಂಪ್ಯೂಟರಿಗೆ ಹಾಕಿಕೊಡ್ತೀನಿ, ಅದೂ ಪೂರಾ ಕನ್ನಡದಲ್ಲಿ” ಎಂದು ಮಾತು ಕೊಟ್ಟುಬಿಟ್ಟೆ.

ಬರೆಯಲು ಹಿಡಿದದ್ದು ಮೂರು ವಾರ. ಬರೆದದ್ದನ್ನು ನನ್ನ ಲ್ಯಾಪ್‌ಟಾಪಿನಿಂದ ಮೇಷ್ಟ್ರ ಮೇಜಿನ ಮೇಲಿನ ಕಂಪ್ಯೂಟರಿಗೆ ದಾಟಿಸಲು ಹಿಡಿದದ್ದು ಮೂರು ತಿಂಗಳು!

ನಗಬೇಡಿ. ನಿಮ್ಮಲ್ಲಿ ಎಷ್ಟು ಜನ ಕನ್ನಡಕ್ಕಾಗಿ ಏನೋ ಒಂದು ಬರೆದು, ಅದು ನಿಮ್ಮ ರೂಮಿನ ಹೊಸಿಲು ದಾಟದೆ ಸತ್ತಿದೆ? ನಿಘಂಟು, ಪದಬಂಧ, ಕಾಗುಣಿತ ಕಲಿಸುವ ಆಟ, ಸಂಘದ ಚಂದಾ ಲೆಕ್ಕ. ನವೆಂಬರ್‌ನಲ್ಲಿ ಹುಟ್ಟುತ್ತವೆ, ಸಂಕ್ರಾಂತಿಗೆ ಸುದ್ದಿಯಿಲ್ಲ. ಜನಕ್ಕೆ ಆಸಕ್ತಿಯಿಲ್ಲ ಅಂತ ನಾವು ಗೊಣಗುತ್ತೇವೆ. ಜನರ ಕೈಗೆ ಅದು ತಲುಪಿತ್ತೇ ಸ್ವಾಮಿ? ಕೋಡ್ ಬರೆದು ಮುಗಿದರೆ ಕೆಲಸ ಮುಗಿಯಿತು ಅಂದುಕೊಂಡಿರುವುದೇ ನಮ್ಮ ರೋಗ. ಕಟ್ಟಿ, ಹೊತ್ತು, ಇನ್ನೊಬ್ಬರ ಮಿಷಿನ್ನಿನಲ್ಲಿ ಇಳಿಸಿ, ನಾವು ಎದ್ದು ಬಂದ ಮೇಲೂ ಓಡುವಂತೆ ಮಾಡುವುದು ಕೆಲಸದ ಅರ್ಧ ಭಾಗ. ಆ ಅರ್ಧವನ್ನು ನಮಗೆ ಯಾರೂ ಕಲಿಸಿಲ್ಲ. ಕಾಲೇಜಿನಲ್ಲಿ ಪ್ರೋಗ್ರಾಂ ಲ್ಯಾಬಿನಲ್ಲಿ ಓಡಿದರೆ ಮಾರ್ಕ್ಸ್. ಕಂಪನಿಯಲ್ಲಿ ಅದಕ್ಕೆಂದೇ ಬೇರೆ ತಂಡ, ನಾವು ಗುಂಡಿ ಒತ್ತಿದರೆ ಆಯಿತು. ಮೇಷ್ಟ್ರ ವಾಚನಾಲಯಕ್ಕೆ ಯಾವ ತಂಡ ಬರುತ್ತೆ?

ಅಡುಗೆ ಚೀಟಿ, ಅಡುಗೆಯಲ್ಲ

ಪೈಥಾನ್, ಪರ್ಲ್, ಪಿಎಚ್‌ಪಿ, ರೂಬಿ ಥರದ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ನಾವು ಬರೆಯುವುದು ಬೇಯಿಸಿದ ಅಡುಗೆಯಲ್ಲ, ಅಡುಗೆ ಚೀಟಿ. ಸಿ ಭಾಷೆಯಲ್ಲಿ ಬರೆದರೆ ಕಂಪೈಲರ್ ಅದನ್ನು ಬೇಯಿಸಿ, ಒಂದು ಇಎಕ್ಸ್‌ಇ ಮಾಡಿ ಕೈಗಿಡುತ್ತದೆ. ಪೈಥಾನ್ ಪ್ರೋಗ್ರಾಮಿಗೆ ಓಡುವ ಜಾಗದಲ್ಲೇ ಇಂಟರ್‌ಪ್ರಿಟರ್ ಎಂಬ ಅಡುಗೆಭಟ್ಟ ಹಾಜರಿರಬೇಕು. ಅದೂ ಸರಿಯಾದ ವಯಸ್ಸಿನ ಭಟ್ಟ.

ನನ್ನ ಚೀಟಿಯೂ ಒಂದಲ್ಲ. ಹನ್ನೆರಡು ಪೈಥಾನ್ ಫೈಲು, ಎಂಟು ಎಚ್‌ಟಿಎಂಎಲ್ ಪುಟ, ಲೇಖಕರ ಪಟ್ಟಿ, ಪುಸ್ತಕದ ವರ್ಗಗಳ ಪಟ್ಟಿ, ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್. ಜೊತೆಗೆ ಬ್ರೌಸರಿನಲ್ಲಿ ಪುಟ ತೋರಿಸಲು ಫ್ಲಾಸ್ಕ್ ಎಂಬ ಲೈಬ್ರರಿ. ಫ್ಲಾಸ್ಕ್ ಒಂದನ್ನೇ ಕರೆದರೆ ಅದು ಒಂಟಿಯಾಗಿ ಬರುವುದಿಲ್ಲ. ಜಿಂಜಾ, ವೆರ್ಕ್‌ಜೂಗ್, ಕ್ಲಿಕ್, ಮಾರ್ಕಪ್‌ಸೇಫ್ ಎಂದು ಬೀಗರ ದಿಬ್ಬಣವೇ ಹಿಂದೆ ಬರುತ್ತದೆ. ಇಂಟರ್‌ನೆಟ್ ಇರುವ ಲ್ಯಾಪ್‌ಟಾಪಿನಲ್ಲಿ ಪಿಪ್ ಎಂದು ಒಂದು ಸಾಲು ಟೈಪಿಸಿದರೆ ಎಲ್ಲಾ ಇಳಿಯುತ್ತವೆ. ಅವು ಎಲ್ಲಿಂದ ಬಂದವು, ಎಲ್ಲಿ ಕೂತವು ಎಂದು ನಾನು ಯಾವತ್ತೂ ನೋಡಿರಲಿಲ್ಲ.

ಮೇಷ್ಟ್ರ ಕಂಪ್ಯೂಟರ್ ನೋಡಿ. ಯಾರೋ ದಾನ ಕೊಟ್ಟದ್ದು. 32 ಬಿಟ್‌ನ ವಿಂಡೋಸ್ 7. ಇಂಟರ್‌ನೆಟ್ ಇಲ್ಲ. ನಾನೋ ಉಬುಂಟು ಹಾಕಿಕೊಂಡ ಆಧುನಿಕ ಮನುಷ್ಯ. ಪೆನ್‌ಡ್ರೈವಿನಲ್ಲಿ ಪೈಥಾನ್ 3.11ರ ಇನ್‌ಸ್ಟಾಲರ್ ಹಾಕಿಕೊಂಡು ಠೀವಿಯಿಂದ ಹೋದೆ. ಕ್ಲಿಕ್ಕಿಸಿದೆ. ಈ ವಿಂಡೋಸ್‌ಗೆ ನಾನು ಬರಲ್ಲ ಎಂದಿತು. ಪೈಥಾನ್ 3.9ರಿಂದಾಚೆಗಿನ ಯಾವುದೂ ವಿಂಡೋಸ್ 7ರ ಮೇಲೆ ಕೂರುವುದಿಲ್ಲ, 3.8ಕ್ಕೇ ಅದರ ಋಣ ತೀರಿತ್ತು. ಆವತ್ತು ಮನೆಗೆ ಬಂದ ಮೇಲೆ ತಿಳಿದ ವಿಷಯ ಇದು. ಹೋಗುವ ಮುಂಚೆ ಮೇಷ್ಟ್ರಿಗೆ ಒಂದು ಫೋನ್ ಮಾಡಿ, ಯಾವ ವಿಂಡೋಸ್, ಎಷ್ಟು ಬಿಟ್ಟು ಎಂದು ಕೇಳಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ಮುಂದಿನ ವಾರ 3.8 ಒಯ್ದೆ. ಕೂತಿತು. ನನ್ನ ಪ್ರೋಗ್ರಾಂ ಕ್ಲಿಕ್ಕಿಸಿದೆ. ಕಪ್ಪು ಪರದೆ ಮಿಂಚಿ ಮಾಯ. ಫ್ಲಾಸ್ಕ್ ಇರಲಿಲ್ಲ. ಪಿಪ್ ಹಾಕಿದರೆ ಇಂಟರ್‌ನೆಟ್ ಕೇಳಿತು. ಮೂರನೆಯ ವಾರ ಲೈಬ್ರರಿಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲೇ ಇಳಿಸಿ ಕಟ್ಟಿಕೊಂಡು ಹೋದೆ. ಅದರಲ್ಲಿ ಮಾರ್ಕಪ್‌ಸೇಫ್‌ನ ಒಂದು ತುಂಡು ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ್ದು. ನಾನು ಇಳಿಸಿದ್ದು ಲಿನಕ್ಸಿನದು. ವಿಂಡೋಸ್‌ಗೆ ಅದು ಯಾವ ಉಪಯೋಗಕ್ಕೂ ಇಲ್ಲ. ಬೇರೆ ವಿಂಡೋಸ್‌ಗಾಗಿಯೇ ಇಳಿಸು ಎಂದು ಪಿಪ್‌ಗೆ ಹೇಳುವ ದಾರಿ ಇದೆ, ಇಂಟರ್‌ನೆಟ್ ಇಲ್ಲದ ಕಡೆ ಫೋಲ್ಡರಿನಿಂದಲೇ ಹಾಕಿಕೋ ಎನ್ನುವ ದಾರಿಯೂ ಇದೆ. ಕಲಿತೆ.

ಇದು ಬರೀ ವಾಚನಾಲಯದ ಪಾಡು ಅಂದುಕೊಳ್ಳಬೇಡಿ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಲೋಕದಲ್ಲಿ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಪುಟಾಣಿ ಲೈಬ್ರರಿಯನ್ನು ಅದರ ಕರ್ತೃ ಎನ್‌ಪಿಎಂ ಭಂಡಾರದಿಂದ ವಾಪಸು ತೆಗೆದ. ಅಷ್ಟಕ್ಕೇ ಅದನ್ನು ನೇರವಾಗಿಯೋ ಬಳಸಿಯೋ ನೆಚ್ಚಿಕೊಂಡಿದ್ದ ಸಾವಿರಾರು ಪ್ರಾಜೆಕ್ಟುಗಳ ಬಿಲ್ಡ್ ಕುಸಿದು ಬಿತ್ತು. ಕೊನೆಗೆ ಭಂಡಾರದವರೇ ಅದನ್ನು ಮತ್ತೆ ಹಾಕಬೇಕಾಯಿತು. ಬೇಕಾದ್ದನ್ನು ಜೊತೆಗೆ ಹೊತ್ತುಕೊಂಡು ಹೋಗದವನ ಗತಿ ಅದು, ಅವನು ಅಮೆರಿಕದಲ್ಲಿರಲಿ, ಗಿರಿನಗರದಲ್ಲಿರಲಿ.

ಒತ್ತಕ್ಷರಕ್ಕೆ ಒದ್ದಾಡಿದ ಯಂತ್ರ

ಅಂತೂ ನಾಲ್ಕನೆಯ ಭಾನುವಾರ ಪುಟ ತೆರೆಯಿತು. ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ನೋಡಿದರು. “ಇದೇನೋ, ಯಾವ ಭಾಷೆನೋ ಇದು?”

ನಾಟಕ, ಕವನ, ಕಾದಂಬರಿ ಎಂದು ಇರಬೇಕಾದ ಕಡೆ ಇಂಗ್ಲಿಷಿನ ಚಿಕ್ಕ ‘ಎ’, ಅದರ ನೆತ್ತಿಯ ಮೇಲೊಂದು ಓರೆ ಗೀಟು, ಪಕ್ಕದಲ್ಲಿ ಮೇಲೆ ಹಾರಿದ ಪುಟ್ಟ 2. ಮತ್ತೆ ಅದೇ ‘ಎ’, ಅದೇ ಗೀಟು, ಅದೇ 2. ಸಾಲಿಗೆ ಸಾಲೇ ಹಾಗೆ. ಲೇಖಕರ ಪಟ್ಟಿ ಒತ್ತಿದೆ. ಅಲ್ಲಿ ಕಸವೂ ಬರಲಿಲ್ಲ. ಪ್ರೋಗ್ರಾಂ ಸತ್ತೇ ಹೋಯಿತು.

ಇದರ ಒಳಗುಟ್ಟು ಕನ್ನಡದ ಪ್ರತಿ ಹುಡುಗ ಹುಡುಗಿಗೂ ಗೊತ್ತಿರಬೇಕಾದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯೂನಿಕೋಡ್‌ನಲ್ಲಿ 1991ರಿಂದ ಕನ್ನಡಕ್ಕೆ ಜಾಗವಿದೆ. ಅದನ್ನು ಯುಟಿಎಫ್-8 ವಿಧಾನದಲ್ಲಿ ಫೈಲಿಗೆ ಬರೆದಾಗ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟು. ಫೈಲ್ ತೆರೆಯುವಾಗ ಯಾವ ವಿಧಾನದಲ್ಲಿ ಓದಬೇಕು ಎಂದು ನಾವು ಹೇಳದಿದ್ದರೆ ಪೈಥಾನ್ 3.8 ಆ ಕಂಪ್ಯೂಟರಿನ ರೂಢಿಯನ್ನು ಕೇಳುತ್ತದೆ. ನನ್ನ ಉಬುಂಟುವಿನ ರೂಢಿ ಯುಟಿಎಫ್-8. ಮೇಷ್ಟ್ರ ಇಂಗ್ಲಿಷ್ ವಿಂಡೋಸಿನ ರೂಢಿ ವಿಂಡೋಸ್-1252 ಎಂಬ ಪಶ್ಚಿಮ ಯುರೋಪಿನ ಹಳೇ ಪಟ್ಟಿ. ಅದರಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಆದ್ದರಿಂದ ನಮ್ಮ ಒಂದು ‘ಕ’ ಅಲ್ಲಿ ಮೂರು ಚೂರಾಗುತ್ತದೆ: ಗೀಟಿನ ‘ಎ’, ಪುಟ್ಟ 2, ಮತ್ತೊಂದು ಏನೋ.

ಆ ಪಟ್ಟಿಯಲ್ಲಿ ಐದು ಜಾಗ ಖಾಲಿ. ಯಾವ ಅಕ್ಷರವೂ ಇಲ್ಲ. ಪೈಥಾನ್ ಅಲ್ಲಿಗೆ ಬಂದರೆ ಮುಂದೆ ಹೋಗಲಾರದೆ ಎಡವಿ ಬೀಳುತ್ತದೆ. ನಮ್ಮ ಗ್ರಹಚಾರ ನೋಡಿ, ಕನ್ನಡದ ಉಕಾರದ ಕೊಂಬು ಮತ್ತು ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ, ಈ ಎರಡರ ಮೂರನೆಯ ಬೈಟು ನೇರ ಆ ಹಳ್ಳದಲ್ಲೇ ಬೀಳುತ್ತದೆ! ಜೊತೆಗೆ ಏ, ಐ, ಝ. ಹಾಗಾಗಿ ‘ಕನಕ’ ಎಂದರೆ ಕಸವಾದರೂ ಕಾಣುತ್ತದೆ, ‘ಕನ್ನಡ’ ಎಂದರೆ ಪ್ರೋಗ್ರಾಂ ಢಮಾರ್. ‘ಕಾರಂತ’ ಪಾಸು, ‘ಕುವೆಂಪು’ ಫೇಲು, ‘ಬೇಂದ್ರೆ’ ಫೇಲು, ‘ಮಾಸ್ತಿ’ ಫೇಲು. ಒತ್ತಿಲ್ಲದೆ, ಕೊಂಬಿಲ್ಲದೆ ಕನ್ನಡದಲ್ಲಿ ಎಷ್ಟು ಹೊತ್ತು ಮಾತಾಡುತ್ತೀರಿ?

ಮದ್ದು ಒಂದೇ ಸಾಲು. ಫೈಲ್ ತೆರೆಯುವ ಪ್ರತಿ ಕಡೆಯೂ ‘ಎನ್‌ಕೋಡಿಂಗ್ ಯುಟಿಎಫ್-8’ ಎಂದು ಬಾಯಿಬಿಟ್ಟು ಬರೆಯಬೇಕು. 3.15ನೇ ಆವೃತ್ತಿಯಿಂದ ಯುಟಿಎಫ್-8 ಅನ್ನೇ ತಾನಾಗಿ ಹಿಡಿಯಬೇಕು ಎಂದು ಪೈಥಾನ್ ಬಳಗ 2022ರಲ್ಲಿ ತೀರ್ಮಾನ ಮಾಡಿತು. ಒಳ್ಳೆಯದು. ದಾನ ಬಂದ ಕಂಪ್ಯೂಟರುಗಳಿಗೆ ಆ ಆವೃತ್ತಿ ಹತ್ತುವುದಿಲ್ಲ, ಅದು ಬೇರೆ ಮಾತು. ಇಂಗ್ಲಿಷಿನಲ್ಲಿ ಪ್ರೋಗ್ರಾಂ ಬರೆಯುವವನಿಗೆ ಈ ಹಳ್ಳ ಜನ್ಮದಲ್ಲಿ ಕಾಣುವುದಿಲ್ಲ. ಅವನ ಎ ಬಿ ಸಿ ಡಿ ಎರಡು ಪಟ್ಟಿಯಲ್ಲೂ ಒಂದೇ. ಅವನು ಬರೆದ ಪಾಠ ನೋಡಿ ಕಲಿತ ನಮಗೂ ಕಾಣಲಿಲ್ಲ. ಪಾಠ ಬರೆದವನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ಕನ್ನಡದಲ್ಲಿ ಬರೆಯುತ್ತೇನೆ ಎಂದವನು ನಾನು. ನಾನು ಕನ್ನಡದಲ್ಲೇ, ಒತ್ತಕ್ಷರ ಹಾಕಿ, ಮೇಷ್ಟ್ರ ಥರದ ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಮಾಡಬೇಕಿತ್ತು.

ಮಾಯವಾದ ನೂರ ನಲವತ್ತು ಪುಸ್ತಕ

ಇಷ್ಟೆಲ್ಲ ಆದ ಮೇಲೆ ಸ್ನೇಹಿತನೊಬ್ಬ, “ಯಾಕೋ ಒದ್ದಾಡ್ತೀಯ? ಎಲ್ಲಾ ಸೇರಿಸಿ ಒಂದೇ ಇಎಕ್ಸ್‌ಇ ಮಾಡು” ಎಂದ. ಪೈಇನ್‌ಸ್ಟಾಲರ್ ಎಂಬ ಸಲಕರಣೆ ಅದನ್ನು ಮಾಡುತ್ತದೆ. ನಿಮ್ಮ ಫೈಲು, ಲೈಬ್ರರಿ, ಇಂಟರ್‌ಪ್ರಿಟರ್ ಎಲ್ಲಾ ಒಂದೇ ಗಂಟಿನಲ್ಲಿ. ವಿಂಡೋಸಿನ ಗಂಟನ್ನು ವಿಂಡೋಸಿನಲ್ಲೇ ಕಟ್ಟಬೇಕು, 32 ಬಿಟ್ಟಿನದನ್ನು 32 ಬಿಟ್ಟಿನ ಪೈಥಾನ್ ಇಟ್ಟುಕೊಂಡೇ ಕಟ್ಟಬೇಕು. ಅದಕ್ಕೂ ಒಬ್ಬನ ಕಂಪ್ಯೂಟರ್ ಸಾಲ ತಂದೆ. ಎಚ್‌ಟಿಎಂಎಲ್ ಪುಟಗಳನ್ನು ಗಂಟಿಗೆ ಹಾಕು ಎಂದು ಬೇರೆ ಹೇಳಬೇಕಿತ್ತು. ಅದು ಪೈಥಾನ್ ಫೈಲುಗಳ ಜಾಡು ಮಾತ್ರ ತಾನಾಗಿ ಹಿಡಿಯುತ್ತದೆ. ಹೇಳಿದೆ. ಒಂದೇ ಫೈಲು, ಒಂದೇ ಕ್ಲಿಕ್ಕು. ಮೇಷ್ಟ್ರ ಆಂಟಿವೈರಸ್ ಅದನ್ನು ಕಳ್ಳ ಎಂದು ಹಿಡಿದು ಜೈಲಿಗೆ ಹಾಕಿತು. ಇಂಥದೇ ಗಂಟಿನಲ್ಲಿ ವೈರಸ್ ಕಟ್ಟಿ ಕಳಿಸುವವರೂ ಇದ್ದಾರೆ, ಅದಕ್ಕೇನು ಗೊತ್ತು ಪಾಪ. ಬಿಡಿಸಿಕೊಂಡು ಬಂದೆ. ಓಡಿತು. ಕನ್ನಡ ಕಂಡಿತು. ಕಾಫಿ ತರಿಸಿದರು.

ಮಾರನೇ ದಿನ ರಾತ್ರಿ ಫೋನ್. “ಏನಪ್ಪಾ, ಸಂಜೆಯೆಲ್ಲಾ ಕೂತು ನೂರ ನಲವತ್ತು ಪುಸ್ತಕ ಹೊಡೆದಿದ್ದೆ. ಮುಚ್ಚಿ ತೆಗೆದ್ರೆ ಒಂದೂ ಇಲ್ವಲ್ಲೋ.”

ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು. ಒಂದೇ ಫೈಲಿನ ಆ ಇಎಕ್ಸ್‌ಇ ನಿಜವಾಗಿ ಒಂದೇ ಫೈಲಾಗಿ ಓಡುವುದಿಲ್ಲ. ಪ್ರತಿ ಸಲ ಕ್ಲಿಕ್ಕಿಸಿದಾಗ ವಿಂಡೋಸಿನ ತಾತ್ಕಾಲಿಕ ಜಾಗದಲ್ಲಿ ಒಂದು ಫೋಲ್ಡರ್ ಮಾಡಿ, ಗಂಟು ಬಿಚ್ಚಿ ಅಲ್ಲಿ ಹರಡಿಕೊಳ್ಳುತ್ತದೆ. ಮುಚ್ಚಿದಾಗ ಆ ಫೋಲ್ಡರನ್ನು ಗುಡಿಸಿ ಹಾಕುತ್ತದೆ. ನಾನು ಡೇಟಾಬೇಸನ್ನೂ ಗಂಟಿನೊಳಗೇ ಇಟ್ಟಿದ್ದೆ. ಮೇಷ್ಟ್ರ ಒಂದು ಸಂಜೆಯ ದುಡಿಮೆ ಆ ಕಸದ ಜೊತೆ ಹೋಯಿತು. ಸಲಕರಣೆಯ ತಪ್ಪೇನಿಲ್ಲ, ಕೈಪಿಡಿಯಲ್ಲಿ ಬರೆದೇ ಇದೆ. ಓದದವನು ನಾನು. ಎಪ್ಪತ್ತು ದಾಟಿದವರು, ಒಂದೇ ಬೆರಳಿನಲ್ಲಿ ಕನ್ನಡ ಒತ್ತುವವರು, ಬೈಯಲಿಲ್ಲ. ಲೆಡ್ಜರ್ ಮತ್ತೆ ಹೊರಗೆ ತೆಗೆದಿಟ್ಟರು. ಬೈದಿದ್ದರೇ ವಾಸಿಯಿತ್ತು.

ಇಲ್ಲಿ ಕೆಲವು ಬುದ್ಧಿವಂತರು ಎದ್ದು ನಿಲ್ಲುತ್ತಾರೆ. ಡಾಕರ್ ಇದೆಯಲ್ಲ, 2013ರಿಂದ ಲೋಕವೆಲ್ಲ ಅದನ್ನೇ ಬಳಸುತ್ತಿದೆ ಎನ್ನುತ್ತಾರೆ. ನಿನ್ನ ಲ್ಯಾಪ್‌ಟಾಪನ್ನೇ ಬಿಟ್ಟು ಹೋಗು ಎಂದ ಮೇಷ್ಟ್ರ ತಮಾಷೆಯನ್ನು ನಿಜ ಮಾಡಿದ್ದೇ ಡಾಕರ್. ಪ್ರೋಗ್ರಾಮಿನ ಜೊತೆ ಅದರ ಇಡೀ ಸಂಸಾರವನ್ನು ಡಬ್ಬಿಯಲ್ಲಿ ಹಾಕಿ ಕಳಿಸುವುದು. ಕಂಪನಿಯ ಸರ್ವರಿಗೆ ಅದು ಸರಿ. ವಿಂಡೋಸ್ 7ರ ಮೇಷ್ಟ್ರಿಗೆ ಡಾಕರ್ ಹಾಕಲು ಹೊರಟರೆ ಇಲಿ ಹಿಡಿಯಲು ಆನೆ ತಂದ ಹಾಗೆ, ಅದೂ ಬಾಗಿಲಲ್ಲಿ ಹಿಡಿಸದ ಆನೆ. ಇನ್ನು ಕೆಲವರದು, ವೆಬ್‌ನಲ್ಲಿ ಹಾಕಿಬಿಡು ಎಂಬ ಸಲಹೆ. ಇಂಟರ್‌ನೆಟ್ ಇಲ್ಲ ಎಂದು ಎಷ್ಟು ಸಲ ಹೇಳಬೇಕು? ಇದ್ದರೂ, ಸರ್ವರಿನ ಬಾಡಿಗೆ ಪ್ರತಿ ತಿಂಗಳು ನನ್ನ ಕಾರ್ಡಿನಿಂದ ಹೋಗಬೇಕು. ನನ್ನ ಕೆಲಸ ಹೋದ ದಿನ, ನನ್ನ ಆಸಕ್ತಿ ತೀರಿದ ದಿನ, ಮೇಷ್ಟ್ರ ವಾಚನಾಲಯಕ್ಕೂ ಬಾಗಿಲು. ಅವರ ಪುಸ್ತಕದ ಪಟ್ಟಿ ಅವರ ಕಂಪ್ಯೂಟರಿನಲ್ಲಿರುವುದೇ ನ್ಯಾಯ.

ಒಂದೇ ಫೈಲಿನ ಆಸೆ ಹೊಸದಲ್ಲ, ಕೆಟ್ಟದ್ದೂ ಅಲ್ಲ. ಟಿಸಿಎಲ್ ಭಾಷೆಯವರು 2000ರ ದಶಕದ ಆರಂಭದಲ್ಲೇ ಸ್ಟಾರ್‌ಕಿಟ್ ಎಂದು ಮಾಡಿ, ಇಡೀ ಫೋಲ್ಡರಿನ ಮರವನ್ನು ಒಂದು ಫೈಲಿನೊಳಗೆ ಕೂರಿಸಿದ್ದರು. ಪಿಎಚ್‌ಪಿಗೆ 2009ರಲ್ಲಿ ಫಾರ್ ಒಳಗೇ ಬಂತು. ನೋಡ್‌ನವರು 2023ರಲ್ಲಿ ಪ್ರಯೋಗ ಶುರು ಮಾಡಿದರು. ಪೈಥಾನ್ 2008ರ 2.6ರಿಂದಲೇ ಜಿಪ್ ಫೈಲನ್ನು ನೇರವಾಗಿ ಓಡಿಸುತ್ತದೆ, 2015ರಲ್ಲಿ ಅದಕ್ಕೆಂದೇ ಜಿಪ್‌ಆಪ್ ಎಂಬ ಸಲಕರಣೆಯೂ ಬಂತು. ಆದರೆ ಎದುರಿನವರ ಹತ್ತಿರ ಪೈಥಾನ್ ಇರಬೇಕು. ಸಿ ಭಾಷೆಯ ತುಂಡುಗಳು ಜಿಪ್ಪಿನೊಳಗಿನಿಂದ ಏಳುವುದಿಲ್ಲ. ಜಿಪ್ಪಿನೊಳಗಿನ ಪಟ್ಟಿಯನ್ನು ಮಾಮೂಲಿ ಫೈಲಿನಂತೆ ತೆರೆಯಲೂ ಆಗದು. ಗೆಳೆಯ ಗೆಳೆಯರ ನಡುವೆ ಸೊಗಸು. ಮೇಷ್ಟ್ರಿಗೆ ಅಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಫೈಲಿನ ಹುಚ್ಚು ಬಿಟ್ಟು ಒಂದೇ ಫೋಲ್ಡರ್ ಕೊಡಿ. ಪೈಥಾನ್‌ನವರೇ ವಿಂಡೋಸಿಗಾಗಿ ಪುಟ್ಟ ಪೈಥಾನ್ ಒಂದನ್ನು ಜಿಪ್ ಮಾಡಿ ಕೊಡುತ್ತಾರೆ. 3.8ರದ್ದು ಹತ್ತು ಎಂಬಿ ಒಳಗೆ. ಇನ್‌ಸ್ಟಾಲ್ ಬೇಡ, ಬಿಚ್ಚಿದರೆ ಸಾಕು. ಅದರ ಪಕ್ಕ ನನ್ನ ಹನ್ನೆರಡು ಫೈಲು, ಪುಟಗಳು, ಫ್ಲಾಸ್ಕಿನ ದಿಬ್ಬಣ ಎಲ್ಲಾ ಇಟ್ಟೆ. ಅದರೊಳಗೆ ‘ಪಿಟಿಎಚ್’ ಎಂಬ ಸಣ್ಣ ಫೈಲಿದೆ. ಅದರಲ್ಲಿ ನಮ್ಮ ಫೋಲ್ಡರುಗಳ ಹೆಸರು ಬರೆಯದಿದ್ದರೆ ಪಕ್ಕದಲ್ಲೇ ಕೂತ ನಮ್ಮ ಫೈಲೂ ಅದಕ್ಕೆ ಕಾಣುವುದಿಲ್ಲ. ಒಂದು ರಾತ್ರಿ ಅದಕ್ಕೆ ಹೋಯಿತು. ಯಾವ ಫೈಲನ್ನೇ ತೆರೆಯಲಿ, ಪ್ರೋಗ್ರಾಂ ತಾನಿರುವ ಜಾಗದಿಂದ ದಾರಿ ಲೆಕ್ಕ ಹಾಕಬೇಕು, ಮೇಷ್ಟ್ರು ಎಲ್ಲಿಂದ ಕ್ಲಿಕ್ಕಿಸಿದರು ಎಂಬುದರಿಂದಲ್ಲ. ಶುರು ಮಾಡಲು ಒಂದು ಬ್ಯಾಚ್ ಫೈಲು. ತಪ್ಪಾದರೆ ಇಂಗ್ಲಿಷಿನಲ್ಲಿ ನಲವತ್ತು ಸಾಲು ಉಗುಳುವ ಬದಲು, “ಏನೋ ತೊಂದರೆಯಾಗಿದೆ, ನಿಮ್ಮ ಪಟ್ಟಿ ಭದ್ರವಾಗಿದೆ, ನನಗೆ ಫೋನ್ ಮಾಡಿ” ಎಂದು ಕನ್ನಡದಲ್ಲಿ ಒಂದು ಪುಟ. ಆ ನಲವತ್ತು ಸಾಲು ಬೇರೊಂದು ಫೈಲಿಗೆ ಹೋಗಲಿ, ನನಗೆ ಬೇಕಾಗುತ್ತದೆ.

ಇದನ್ನು ಒಯ್ಯುವ ಮುಂಚೆ ಬುದ್ಧಿ ಬಂದಿತ್ತು. ಹಳೇ ಲ್ಯಾಪ್‌ಟಾಪ್ ಒಂದಕ್ಕೆ ಬರೀ ವಿಂಡೋಸ್ 7 ಹಾಕಿ, ವೈಫೈ ಆರಿಸಿ ಓಡಿಸಿ ನೋಡಿದೆ. ಅಲ್ಲಿ ಮೈಕ್ರೋಸಾಫ್ಟಿನ ಸಿ ರನ್‌ಟೈಮಿನ ಒಂದು ಡಿಎಲ್‌ಎಲ್ ಇಲ್ಲ ಎಂದಿತು. ಅಪ್‌ಡೇಟ್ ಆಗದ ವಿಂಡೋಸ್ 7ರಲ್ಲಿ ಅದು ಇರುವುದಿಲ್ಲ, ಪುಟ್ಟ ಪೈಥಾನಿನ ಜೊತೆಗೂ ಬರುವುದಿಲ್ಲ. ಆ ಅಪ್‌ಡೇಟನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡೆ. ಈ ಸಲ ಬೆವರಿದ್ದು ನನ್ನ ರೂಮಿನಲ್ಲಿ, ಮೇಷ್ಟ್ರ ಎದುರಲ್ಲ.

ಫೆಬ್ರವರಿಯ ಒಂದು ಭಾನುವಾರ ಅದು ಓಡಿತು. ಮೇಷ್ಟ್ರು ಲೆಡ್ಜರ್ ಮಾತ್ರ ಮುಚ್ಚಲಿಲ್ಲ. “ಎರಡು ತಿಂಗಳು ಎರಡೂ ಬರೀತೀನಿ” ಎಂದರು. ನಾನು ಸುಮ್ಮನಾದೆ.

ಏಪ್ರಿಲ್‌ನಲ್ಲಿ ಫೋನ್ ಬಂತು. ಪಕ್ಕದ ಬಡಾವಣೆಯ ವಾಚನಾಲಯದವರು ಬಂದು ನೋಡಿದರಂತೆ, ನಮಗೂ ಬೇಕು ಎಂದರಂತೆ. ಮೇಷ್ಟ್ರು ನನ್ನನ್ನು ಕೇಳದೆ ಫೋಲ್ಡರನ್ನು ಪೆನ್‌ಡ್ರೈವಿಗೆ ಎಳೆದು ಹಾಕಿ, ಅಲ್ಲಿ ಹೋಗಿ ಇಳಿಸಿ, ಕ್ಲಿಕ್ಕಿಸಿ ಓಡಿಸಿ ಬಂದಿದ್ದರು. ನನಗೆ ಕುಣಿಯುವಷ್ಟು ಖುಷಿ.

“ಅಲ್ಲಪ್ಪಾ,” ಎಂದರು ಮೇಷ್ಟ್ರು, “ನಮ್ಮ ಮೆಂಬರ್‌ಗಳ ಹೆಸರು, ಯಾರ್ಯಾರು ಎಷ್ಟೆಷ್ಟು ಬಾಕಿ ಅನ್ನೋದೂ ಅಲ್ಲಿಗೆ ಹೋಯ್ತಲ್ಲೋ! ಅವರು ಜೋರಾಗಿ ಓದಿಕೊಂಡು ನಗ್ತಾ ಇದ್ರು.”

ಡೇಟಾಬೇಸನ್ನು ಪ್ರೋಗ್ರಾಮಿನ ಫೋಲ್ಡರಿನಿಂದ ಹೊರಗೆ ತೆಗೆದು, ಬೇರೆ ಫೋಲ್ಡರಿನಲ್ಲಿಟ್ಟು, ಹೊಸ ಆವೃತ್ತಿ ಕಟ್ಟುತ್ತಿದ್ದೇನೆ. ಬರುವ ಭಾನುವಾರ ಎರಡೂ ಕಡೆ ಹೋಗಬೇಕು.